ಬಯಲಲ್ಲಿ ಅರಳುವ ಜಲವರ್ಣ

ಲಾಲ್‌ಬಾಗಿನ ಮರದಡಿ ಕೂತು ಜಲವರ್ಣ ಬಿಡಿಸುವವರ ಕೈಚಳಕ ನನಗೆ ಸದಾ ಬೆರಗು. ಡಬ್ಬಿಯ ಹಸಿರನ್ನು ಅವರು ಹಾಗೇ ಬಳಿಯುವುದು ಅಪರೂಪ. ನೀಲಿಗೆ ಹಳದಿ ಬೆರೆಸಿ, ಚೂರು ಕಂದು ಸೇರಿಸಿ ಮಾವಿಗೊಂದು, ಬಿದಿರಿಗೊಂದು ಹಸಿರು ಮಾಡಿಕೊಳ್ಳುತ್ತಾರೆ. ಹಲಗೆಯನ್ನು ತುಸು ಓರೆಯಾಗಿಸಿದರೆ ಬಣ್ಣದ ನೀರು ಗೆರೆಯ ಅಂಚಿನಲ್ಲಿ ಉಬ್ಬಿ ನಿಲ್ಲುತ್ತದೆ. ಆರುವ ಮೊದಲೇ ಕುಂಚ ಅದನ್ನು ಕೆಳಕ್ಕೆ ನಡೆಸಬೇಕು. ಮುಂಜಾನೆಯ ತೇವದಲ್ಲಿ ಬಣ್ಣ ನಿಧಾನ ಹರಡುತ್ತದೆ, ಬಿಸಿಲೇರಿದರೆ ನೋಡನೋಡುತ್ತಲೇ ಒಣಗುತ್ತದೆ. 1889ರಲ್ಲಿ ಅಡಿಗಲ್ಲು ಕಂಡ ಗಾಜಿನ ಮನೆಯ ಹೊಳಪಿಗೆ ಬಿಳಿ ಬಣ್ಣ ಬೇಕಿಲ್ಲ. ಕುಂಚ ಮುಟ್ಟದೆ ಉಳಿಸಿದ ಕಾಗದವೇ ಅಲ್ಲಿ ಬೆಳಕು. ಎಲೆಯ ನೆರಳನ್ನು ಇಷ್ಟು ಅಕ್ಕರೆಯಿಂದ ಅಳೆಯುವ ಕಣ್ಣಿಗೆ ಚಿಂತೆ ಮಾಡಲು ಪುರುಸೊತ್ತೆಲ್ಲಿ? ಬಿಡಿಸಲು ತಕ್ಕ ನೋಟ ಹುಡುಕುತ್ತಾ ಸುತ್ತುವ ನಡಿಗೆಯ ಆಯಾಸ ಮೈಗೆ ಹಿತ, ಬಣ್ಣದ ಏಕಾಗ್ರತೆ ಮನಸ್ಸಿಗೆ ಹಗುರ. ಎರಡನ್ನೂ ಒಟ್ಟಿಗೆ ಕೊಡುವ ಈ ವಿದ್ಯೆಗೆ ಮನಸಾರೆ ಕೈಮುಗಿಯುತ್ತೇನೆ.