ಎಂಟು ದಿನದ ಹಿಟ್ಟು

ಹಿಟ್ಟಿನ ಪೊಟ್ಟಣ ಕೈಗೆ ಬಂತೆಂದರೆ ಬಾಯಿ ಬಿಚ್ಚಿ ಮೂಸುವುದು ನನ್ನ ಹಳೇ ಚಾಳಿ. ಮನೆಯಲ್ಲೂ ಬೈಸಿಕೊಂಡಿದ್ದೇನೆ, ಅಂಗಡಿಯಲ್ಲೂ ಬೈಸಿಕೊಂಡಿದ್ದೇನೆ. ಹೋದ ತಿಂಗಳು ಪಟ್ಟಣದ ದೊಡ್ಡ ಅಂಗಡಿಯೊಂದರಲ್ಲಿ ಸಜ್ಜೆ, ನವಣೆ ಬೆರೆಸಿದ ‘ಹೆಲ್ತ್ ಮಿಕ್ಸ್’ ಡಬ್ಬ ಕೊಂಡೆ. ಮುಚ್ಚಳಕ್ಕೆ ಚಿನ್ನದ ಬಣ್ಣ, ಮೈಮೇಲೆ ನೇಗಿಲು ಹಿಡಿದ ರೈತನ ಚಿತ್ರ, ಕೆಳಗೆ ಒಂಬತ್ತು ತಿಂಗಳ ಆಯಸ್ಸು. ಡಬ್ಬಕ್ಕೆ ಸೀಲು ಇದ್ದುದರಿಂದ ಅಲ್ಲಿ ಮೂಸಲಾಗಲಿಲ್ಲ. ಮನೆಗೆ ತಂದು ತೆಗೆದರೆ ಕಮಟು. ಬಾಣಲೆಯಲ್ಲೇ ಉಳಿದುಹೋದ ಹಬ್ಬದ ಎಣ್ಣೆ ಹದಿನೈದು ದಿನದ ಮೇಲೆ ಬೀರುತ್ತದಲ್ಲ, ಆ ವಾಸನೆ. ಹಿಟ್ಟು ಹಸುವಿನ ಬಾನಿಗೆ ಹೋಯಿತು. ಡಬ್ಬದಲ್ಲಿ ಈಗ ಸೂಜಿ ದಾರ ಇದೆ.

ಅದೇ ವಾರ ರಾಂಪುರದಿಂದ ಬಸ್ಸಿನಲ್ಲಿ ಇನ್ನೊಂದು ಪೊಟ್ಟಣ ಬಂತು. ಕಳಿಸಿದವಳು ನನ್ನ ಚಿಕ್ಕಮ್ಮನ ಮಗಳು. ಸಾದಾ ಬಿಳಿ ಕವರು, ಅದರ ಮೇಲೆ ಬಾಲ್ ಪೆನ್ನಿನಲ್ಲಿ ಬೀಸಿಸಿದ ತಾರೀಖು, ಅದರ ಕೆಳಗೆ ‘ಎಂಟು ದಿನದಾಗೆ ಮುಗಿಸಿ’ ಎಂಬ ಅಪ್ಪಣೆ. ಬಿಚ್ಚಿದೆ. ಹದವಾಗಿ ಹುರಿದ ಸಜ್ಜೆಯ ಘಮ ಅಡುಗೆಮನೆಯಿಂದ ಪಡಸಾಲೆಗೆ ಬಂತು. ಈ ವಾರದ ಅಂಕಣ ಆ ಎಂಟು ದಿನದ ಮೇಲೆ.

ಸಿರಿಧಾನ್ಯದ ಬಗ್ಗೆ ಮಾತಾಡುವವರೆಲ್ಲ ನಾರು, ಕಬ್ಬಿಣ, ಸಕ್ಕರೆ ಕಾಯಿಲೆ ಎಂದು ಶುರು ಮಾಡುತ್ತಾರೆ. ಎಣ್ಣೆಯ ಸುದ್ದಿ ಎತ್ತುವವರು ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹಿಂದೆ ಪ್ರಕಟಿಸಿದ ಕೋಷ್ಟಕದಲ್ಲಿ ನೂರು ಗ್ರಾಂ ರಾಗಿಗೆ 1.3 ಗ್ರಾಂ ಕೊಬ್ಬು, ನವಣೆಗೆ 4.3, ಸಜ್ಜೆಗೆ 5. ಕಾಳು ಇಡಿಯಾಗಿರುವ ತನಕ ಆ ಎಣ್ಣೆ ಮೊಳಕೆಯ ಮೂತಿಯಲ್ಲಿ, ತೌಡಿನಲ್ಲಿ ತಣ್ಣಗೆ ಕೂತಿರುತ್ತದೆ. ಬೀಸಿದ ಗಳಿಗೆಯಿಂದ ಕಾಳಿನದೇ ಲೈಪೇಸ್ ಎಂಬ ಕಿಣ್ವ ಆ ಎಣ್ಣೆಯನ್ನು ಒಡೆಯಲು ತೊಡಗುತ್ತದೆ, ಹೊರಗಿನ ಗಾಳಿಯೂ ಕೈಜೋಡಿಸುತ್ತದೆ. ನಮ್ಮಜ್ಜಿ ರಾಗಿಯನ್ನು ವಾರಕ್ಕಾಗುವಷ್ಟು ಬೀಸಿಟ್ಟು, ಸಜ್ಜೆಯನ್ನು ಮಾತ್ರ ರೊಟ್ಟಿ ತಟ್ಟುವ ದಿನ ಬೆಳಗ್ಗೆಯೇ ಬೀಸುತ್ತಿದ್ದುದು ಸೋಮಾರಿತನಕ್ಕಲ್ಲ. ಪಾಲಿಶ್ ಮಾಡಿ ತೌಡು ತೆಗೆದ ನವಣೆ ಅಕ್ಕಿ ಹೆಚ್ಚು ದಿನ ಬಾಳುತ್ತದೆ, ನಿಜ. ಆದರೆ ಬಾಳಿಕೆಗೆಂದು ತೌಡು ತೆಗೆದ ಮೇಲೆ ಅದನ್ನು ಆರೋಗ್ಯದ ಹೆಸರಲ್ಲಿ ಮಾರುವುದು ಹೇಗೆ ಎಂದು ನನಗೆ ತಿಳಿಯದು.

ಹಾಗಾಗಿ ಒಂಬತ್ತು ತಿಂಗಳ ಡಬ್ಬ ಕಂಡರೆ ನನಗೆ ಅನುಮಾನ, ಎಂಟು ದಿನದ ಕವರು ಕಂಡರೆ ಧೈರ್ಯ.

ರಾಂಪುರ ನೋಡದವರಿಗೆ ಎರಡು ಮಾತು. ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೋಗುವ ಹೆದ್ದಾರಿಯ ಮೇಲೆ, ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಊರು. ಸಂತೆಯಲ್ಲಿ ಬೆಲೆ ಕೇಳುವುದು ಕನ್ನಡದಲ್ಲಿ, ಚೌಕಾಸಿ ತೆಲುಗಿನಲ್ಲಿ. ಮೊಳಕಾಲ್ಮೂರು ಎಂದರೆ ಹೊರಗಿನವರಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕ ರೇಷ್ಮೆ ಸೀರೆ ನೆನಪಾಗುತ್ತದೆ. ಚಳ್ಳಕೆರೆ ಎಂದರೆ ಶೇಂಗಾ, ಎಣ್ಣೆ ಮಿಲ್ಲು. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ ಪುಣ್ಯ ಎನ್ನುವ ಸೀಮೆ ಇದು. ಇಂಥ ನೆಲಕ್ಕೆ ನವಣೆ, ಸಜ್ಜೆ, ಕೊರಲೆ ಹೊಸ ಸಂಶೋಧನೆಯೇನಲ್ಲ. ಶೇಂಗಾ ಬಂದು ಅವುಗಳನ್ನು ಬದುವಿಗೆ ತಳ್ಳಿತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರುವ ಹೊತ್ತಿಗೆ ಅವಕ್ಕೆ ಪೇಟೆಯಲ್ಲಿ ಮರ್ಯಾದೆ ಮರಳಿತ್ತು.

ತಂಗಿಯ ಮನೆಗೆ ಹೋದಾಗ ಅವಳು ಒಲೆಯ ಮುಂದೆ ಇದ್ದಳು. ಹಿಟ್ಟು ಮಾರಲು ತೊಡಗಿದ್ದು ಮಗುವಿನ ದೆಸೆಯಿಂದ: ಅವಳ ಎರಡನೆಯ ಮಗು ಏನು ಕೊಟ್ಟರೂ ಉಗಿಯುತ್ತಿತ್ತಂತೆ. ಅದಕ್ಕೆಂದು ಮಾಡಿದ ರಾಗಿ ಸರಿ ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಅವರ ಬೀಗರ ಮನೆಗೆ. ಇಂಥ ಉದ್ಯಮಗಳ ಮೂಲವೆಲ್ಲ ಬಹುಪಾಲು ಹೀಗೇ ಇರುತ್ತದೆ, ಅದನ್ನು ಬೆಳೆಸಿ ಹೇಳುವುದು ಬೇಡ. ನಾನು ಹೋದದ್ದು ಹುರಿಯುವುದನ್ನು ನೋಡಲು.

ಬಾಂಡ್ಲಿಯಲ್ಲಿ ಕೈ ಇಡಲು ಹೋದೆ.

“ಅಣ್ಣ, ಕೈ ತೊಳ್ಕೊಂಡು ಬಾ ಮೊದ್ಲು. ಇದು ಕೂಸುಗಳು ತಿನ್ನೋದು.”

ತೊಳೆದುಕೊಂಡು ಬಂದೆ. ಅಷ್ಟರಲ್ಲಿ ಅವಳು ಮೊಳಕೆ ರಾಗಿಯನ್ನು ಇಳಿಸಿ ಸಜ್ಜೆ ಹಾಕಿದ್ದಳು. ಎರಡನ್ನೂ ಒಟ್ಟಿಗೆ ಯಾಕೆ ಹುರಿಯುವುದಿಲ್ಲ ಎಂದು ಕೇಳಿದೆ. ಉತ್ತರ ಗೊತ್ತಿದ್ದರೂ ಅವಳ ಬಾಯಲ್ಲಿ ಕೇಳುವ ಆಸೆ.

“ಅದು ಬೆಚ್ಚಗಾದ್ರೆ ಸಾಕು, ಇದು ಬೇಯ್ಬೇಕು,” ಎಂದಳು.

ಇಡೀ ವಿದ್ಯೆ ಈ ಒಂದು ಮಾತಿನಲ್ಲಿದೆ. ರಾಗಿಯನ್ನು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೇಸಿಗೆಯಲ್ಲಿ ಒಂದು ದಿನಕ್ಕೆ, ಚಳಿಯಲ್ಲಿ ಎರಡು ದಿನಕ್ಕೆ ಬಿಳಿ ಬಾಲ ಬರುತ್ತದೆ. ರಾಂಪುರದ ಮೇ ತಿಂಗಳಲ್ಲಿ ನಾಲ್ಕು ತಾಸು ಮರೆತರೆ ಗಂಟು ಹುಳಿ ನಾರುತ್ತದೆ. ಮೊಳಕೆ ಒಡೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಇನ್ನೊಂದು ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಕತ್ತರಿಸುತ್ತದೆ. ಸಾದಾ ರಾಗಿ ಹಿಟ್ಟಿನ ಅಂಬಲಿ ಸ್ವಲ್ಪಕ್ಕೇ ಗಟ್ಟಿಯಾಗುತ್ತದೆ. ತಾಯಿ ನೀರು ಸುರಿದು ತೆಳ್ಳಗೆ ಮಾಡುತ್ತಾಳೆ. ಮಗುವಿನ ಮುಷ್ಟಿಯಷ್ಟು ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ಮೊಳಕೆ ಹಿಟ್ಟಾದರೆ ಅದೇ ಲೋಟಕ್ಕೆ ಹೆಚ್ಚು ಹಿಟ್ಟು ಹಿಡಿಸಿದರೂ ಸರಿ ತೆಳ್ಳಗೇ ಇಳಿಯುತ್ತದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಶುರುವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಎನ್. ಜಿ. ಮಲ್ಲೇಶಿಯವರಂಥ ವಿಜ್ಞಾನಿಗಳು ರಾಗಿ ಮಾಲ್ಟಿನ ಮೇಲೆ ವರ್ಷಗಟ್ಟಲೆ ದುಡಿದದ್ದು ಈ ಗುಣದ ಬೆನ್ನು ಹತ್ತಿಯೇ. ಆದರೆ ಬಿಸಿ ಮಿತಿಮೀರಿದರೆ ಆ ಕಿಣ್ವ ಸತ್ತುಹೋಗುತ್ತದೆ. ಅದಕ್ಕೇ ಅವಳ ರಾಗಿ ನೆರಳಲ್ಲಿ ಒಣಗಿ, ಅಂಗೈ ಹಚ್ಚಿದರೆ ತಡೆದುಕೊಳ್ಳುವಷ್ಟೇ ಬೆಚ್ಚಗಾಗಿ ಒಲೆಯಿಂದ ಇಳಿಯುತ್ತದೆ. ಆಮೇಲೆ ಮೊರದಲ್ಲಿ ಉಜ್ಜಿ ಬಾಲಗಳನ್ನು ಬಿಡಿಸಿ ಕೇರುತ್ತಾಳೆ. ಬಾಲ ಉಳಿದರೆ ಸರಿ ಒಗರು, ಕಹಿ.

ಸಜ್ಜೆಯದು ತದ್ವಿರುದ್ಧ. ಅಲ್ಲಿ ಕಿಣ್ವ ಸಾಯಬೇಕು, ಇಲ್ಲದಿದ್ದರೆ ಕಮಟು. ಅದಕ್ಕೆ ಕಾವು ಬೇಕು, ಬಿಡುವಿಲ್ಲದೆ ಮಗುಚುವ ಕೈ ಬೇಕು, ಕಾಳು ಚಟಪಟ ಸಿಡಿದು ಬಣ್ಣ ತಿರುಗುವ ಹೊತ್ತಿಗೆ ಇಳಿಸುವ ಕಣ್ಣು ಬೇಕು. ಎಲ್ಲ ಧಾನ್ಯವನ್ನೂ ಒಂದೇ ಬಾಂಡ್ಲಿಗೆ ಸುರಿದು ಒಂದೇ ಹದಕ್ಕೆ ಹುರಿದವರ ಮಿಶ್ರಣದಲ್ಲಿ ರಾಗಿ ಸತ್ತಿರುತ್ತದೆ, ಇಲ್ಲವೇ ಸಜ್ಜೆ ಹಸಿ ಇರುತ್ತದೆ. ಪೊಟ್ಟಣದ ಮೇಲೆ ‘ಒಂಬತ್ತು ಧಾನ್ಯ’, ‘ಹದಿನೆಂಟು ಧಾನ್ಯ’ ಎಂದು ಎಣಿಕೆ ಕಂಡರೆ ನಾನು ಮುಂದೆ ಹೋಗಿಬಿಡುತ್ತೇನೆ. ಹದಿನೆಂಟು ಹದ ಹಿಡಿದವರನ್ನು ನಾನಂತೂ ಕಂಡಿಲ್ಲ.

ಅಂದಹಾಗೆ, ಈ ಮೊಳಕೆ ಹಿಟ್ಟನ್ನು ಕುದಿಯುವ ನೀರಿಗೆ ಸುರಿಯಬೇಡಿ. ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ನಿಧಾನಕ್ಕೆ ಕುದಿ ಬರಿಸಿ. ಇದನ್ನು ಕವರಿನ ಮೇಲೆ ಬರೆಯದ ಕಂಪನಿಗೆ ತಾನು ಮಾರುತ್ತಿರುವುದೇನೆಂದೇ ಗೊತ್ತಿಲ್ಲ.

ಹುರಿದದ್ದು ಗಿರಣಿಗೆ ಹೋಗಬೇಕು. ನನ್ನ ಮಟ್ಟಿಗೆ ಮನೆಯ ಹಿಟ್ಟು ಕೆಡುವ ಜಾಗ ಅದು. ಹಿಂದಿನವರು ಬೀಸಿಸಿದ ಗೋಧಿಯೋ ಮೆಂತ್ಯವೋ ಕಲ್ಲಿನಲ್ಲಿ ಕೂತಿರುತ್ತದೆ, ನಿಮ್ಮ ಹಿಟ್ಟಿನಲ್ಲಿ ಇಳಿಯುತ್ತದೆ. ತಂಗಿ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಲ್ಲುತ್ತಾಳೆ. ಮೊದಲು ಒಂದು ಕಿಲೋ ಜೋಳ ಹಾಕಿಸುತ್ತಾಳೆ. ಅದು ಕಲ್ಲು ತೊಳೆದ ಲೆಕ್ಕ, ಆ ಹಿಟ್ಟು ಎಮ್ಮೆಗೆ. ಮನೆಗೆ ತಂದ ಬಿಸಿ ಹಿಟ್ಟನ್ನು ಹಳೇ ಪಂಚೆಯ ಮೇಲೆ ಹರವಿ, ಪೂರ್ತಿ ಆರಿದ ಮೇಲೆ ಕವರಿಗೆ ತುಂಬುತ್ತಾಳೆ. ಬಿಸಿಯಲ್ಲೇ ತುಂಬಿದರೆ ಒಳಗೆ ಬೆವರುತ್ತದೆ, ಮೂರನೇ ದಿನಕ್ಕೆ ಗಂಟು. ಶೇಂಗಾ ಉಂಡೆಗಾದರೆ ಇನ್ನೊಂದು ಕಾಟ: ಬೀಜವನ್ನು ಮೊರದಲ್ಲಿ ಹರಡಿ ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದನ್ನು ಒಂದೊಂದಾಗಿ ಆರಿಸಬೇಕು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹುರಿದರೂ ಪೂರ್ತಿ ಹೋಗದು. ಯಂತ್ರಕ್ಕಿಂತ ಅವಳ ಅತ್ತೆಯ ಬೆರಳು ಚುರುಕು.

ಶೇಂಗಾ ಎಂದಾಗ ನೆನಪಾಯಿತು. ಇದೇ ಸಿಎಫ್‌ಟಿಆರ್‌ಐ, ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಭಾಗ ಬೆರೆಸಿ, ಜೀವಸತ್ವ ಸೇರಿಸಿ, ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬುದನ್ನು ಮಾಡಿತ್ತು. ಕಾಗದದ ಮೇಲೆ ಅದರ ಪ್ರೋಟೀನ್ ಬಲು ಜೋರು. ಇವತ್ತು ಯಾರ ಅಡುಗೆಮನೆಯಲ್ಲೂ ಆ ಹೆಸರು ಕೇಳಿಸದು. ಅದೇ ಶೇಂಗಾಕ್ಕೆ ಬೆಲ್ಲ ಹಾಕಿ ಉಂಡೆ ಕಟ್ಟಿದರೆ ಚಳ್ಳಕೆರೆಯ ಹುಡುಗರು ಕದ್ದು ತಿನ್ನುತ್ತಾರೆ. ನಾಲಿಗೆಗೆ ಲಂಚ ಕೊಡದೆ ಹೊಟ್ಟೆಗೆ ಹೋಗುವ ದಾರಿ ಇಲ್ಲ.

ಇನ್ನು ಕವರಿನ ಮೇಲಿನ ಬರಹ. ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಸಂಖ್ಯೆ, ಹಸಿರು ಚುಕ್ಕಿ, ತಯಾರಿಸಿದ ದಿನ, ತೂಕ, ಮಾಡಿದವರ ಹೆಸರು ವಿಳಾಸ ಇರಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿನವರಿಗೆ 2011ರ ನಿಯಮಾವಳಿ ಇಟ್ಟ ನೋಂದಣಿ ಶುಲ್ಕ ವರ್ಷಕ್ಕೆ ನೂರು ರೂಪಾಯಿ. ತಂಗಿಗೆ ಹೆಸರು ಹಾಕುವುದಕ್ಕೆ ನಾಚಿಕೆ. “ಹಿಟ್ಟಿನ ಮೇಲೆ ಯಾಕಣ್ಣ ನನ್ ಹೆಸ್ರು?” ಎಂದಳು. ರಾಂಪುರದಿಂದ ಹೆಚ್ಚು ದೂರವಿಲ್ಲದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆ ತಾಯಿಯ ಸೇವೆ ಮಾಡಿ ಎಂದೆಲ್ಲ ರಾಜ ಹೇಳಿಸಿದ ಮೇಲೆ, ಕೊನೆಗೆ ಬರೆದವನು ತನ್ನ ಹೆಸರನ್ನೂ ಕೊರೆದಿದ್ದಾನೆ: ಚಪಡ. ತಾನು ಲಿಪಿಕಾರ ಎಂಬುದನ್ನಂತೂ ಬೇರೆಯದೇ ಲಿಪಿಯಲ್ಲಿ, ಖರೋಷ್ಠಿಯಲ್ಲಿ ಬರೆದು ಮೆರೆದಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ ಕೂಲಿಕಾರ ಹೆಸರು ಹಾಕಿದ ಸೀಮೆಯಲ್ಲಿ, ತಾನೇ ಹುರಿದ ಹಿಟ್ಟಿನ ಮೇಲೆ ಹೆಸರು ಹಾಕಲು ನಾಚಿಕೆಯೇನು ಎಂದೆ. ನಕ್ಕಳು. ಹಾಕಿಲ್ಲ ಇನ್ನೂ.

ನನಗೆ ಅವಳ ಮೇಲೆ ಇರುವ ಕೋಪ ಬೇರೆ. ರಾಗಿ, ಬೆಲ್ಲ, ಗ್ಯಾಸು, ಗಿರಣಿ, ಕವರು, ಬಸ್ಸಿನವನಿಗೆ ಕೊಟ್ಟದ್ದು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದಾಳೆ. ಐದು ಕಿಲೋ ರಾಗಿ ನೆನೆಸಿದರೆ ಬಾಲ, ಹೊಟ್ಟು ಹೋಗಿ ಕೈಗೆ ಸಿಗುವುದು ನಾಲ್ಕು ಕಿಲೋ ಚಿಲ್ಲರೆ ಎಂಬುದೂ ಅಲ್ಲಿದೆ. ಅವಳ ಕೂಲಿ ಮಾತ್ರ ಇಲ್ಲ. ಅತ್ತೆಯ ಬೆರಳಿನ ಕೂಲಿಯೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇಸ್ವಾಮಿಯ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಈ ಕಡೆ ಎಲ್ಲರ ಬಾಯಲ್ಲೂ ಇದೆ. ಮನೆಯ ಹೆಂಗಸಿನ ಲೆಕ್ಕದ ಪುಸ್ತಕಕ್ಕೆ ಅದು ಇನ್ನೂ ಬಂದು ತಲುಪಿಲ್ಲ. ಗಿರಾಕಿ ‘ಮನೇಲಿ ಮಾಡಿದ್ದು ತಾನೇ, ಕಡಿಮೆ ಮಾಡಿ’ ಎನ್ನುತ್ತಾನೆ. ಮನೆಯಲ್ಲಿ ಮಾಡಿದ್ದಕ್ಕೇ ಹೆಚ್ಚು ಕೊಡಬೇಕಯ್ಯಾ.

ದೊಡ್ಡದು ಮಾಡು ಎಂದು ಹೇಳುವವರೂ ಇದ್ದಾರೆ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಬ್ಯಾಂಕ್ ಸಾಲ ಪಡೆದವರಿಗೆ ವೆಚ್ಚದ ಶೇ 35 ಕೇಂದ್ರದ ಸಹಾಯಧನ, ಅದರ ಮೇಲೆ ಕರ್ನಾಟಕ ಶೇ 15 ಸೇರಿಸಿತು. ಬೆಂಗಳೂರಿನ ಹುಡುಗಿ, ದೇಶಕ್ಕೆ ಈಜಿದ ಮೇಘನಾ ನಾರಾಯಣ್ 2016ರಲ್ಲಿ ಗೆಳತಿ ಶೌರವಿ ಮಲಿಕ್ ಜೊತೆ ಮಕ್ಕಳ ಆಹಾರದ ಸ್ಲರ್ಪ್ ಫಾರ್ಮ್ ಶುರುಮಾಡಿ ರಾಗಿಯನ್ನು ಮಾಲ್‌ಗಳ ತನಕ ಕೊಂಡೊಯ್ದದ್ದೂ ನಿಜ. ಅದು ಒಂದು ದಾರಿ. ನನ್ನ ಮನಸ್ಸು ವಾಲುವುದು ಇನ್ನೊಂದರ ಕಡೆ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಲಿಜ್ಜತ್ ಬೆಳೆದದ್ದು ಮನೆಗಳನ್ನು ಕೂಡಿಸಿಕೊಂಡು: ಹಿಟ್ಟು ಕಲಸುವುದು ಒಂದು ಕಡೆ, ಲಟ್ಟಿಸುವುದು ಅವರವರ ಮನೆಯಲ್ಲಿ. ನಮ್ಮದೇ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಂಗಸರು ಸಿರಿಧಾನ್ಯದ ಬೀಜ ಕಾಪಾಡಿ, ತಾವೇ ಸಂಸ್ಕರಣೆ ನಡೆಸಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ತಂದರು. ಹಿಟ್ಟಿಗೆ ಇದು ಹಪ್ಪಳಕ್ಕಿಂತಲೂ ಸರಿಹೊಂದುವ ದಾರಿ, ಯಾಕೆಂದರೆ ಹಪ್ಪಳ ಕಾಯುತ್ತದೆ, ಹಿಟ್ಟು ಕಾಯುವುದಿಲ್ಲ. ಬಾಂಡ್ಲಿ ದೊಡ್ಡದಾದಷ್ಟೂ ತಳ ಸೀಯುತ್ತದೆ, ಮೇಲೆ ಹಸಿ ಉಳಿಯುತ್ತದೆ. ಅದರ ಬದಲು ದೇವಸಮುದ್ರದಲ್ಲೊಂದು ಒಲೆ, ಮೊಳಕಾಲ್ಮೂರಿನಲ್ಲೊಂದು, ರಾಯದುರ್ಗದಲ್ಲೊಂದು ಹೊತ್ತಲಿ, ಪ್ರತಿ ಊರಿನ ಹಿಟ್ಟು ಆ ಊರಿನಲ್ಲೇ ಎಂಟು ದಿನದೊಳಗೆ ಮುಗಿಯಲಿ.

ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳ ಗಮನ ಬಾಂಡ್ಲಿಯ ಮೇಲಿತ್ತು. ಸಜ್ಜೆ ಸಿಡಿಯಲು ಶುರುವಾಗಿತ್ತು, ಮಗುಚುವ ಕೈ ನಿಲ್ಲಿಸಲಿಲ್ಲ. ಇಳಿಸಿ, ತಟ್ಟೆಗೆ ಸುರಿದು, ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊರಡುವಾಗ ಎರಡು ಕಿಲೋ ಕೊಡು ಎಂದೆ.

“ಇವತ್ತು ಇಲ್ಲಣ್ಣ. ಇದು ಹೇಳಿದೋರಿಗೆ ಹೋಗ್ತೈತೆ.”

“ಹೋದ ವಾರದ್ದು ಉಳಿದಿಲ್ವೇನಮ್ಮ?”

“ಉಳಿದೈತೆ. ಎಮ್ಮೆಗೆ ಇಟ್ಟೀನಿ. ನಿಂಗ್ಯಾಕೆ ಅದು? ಡಬ್ಬ ಬಿಟ್ಟು ಹೋಗು, ಬುಧವಾರದ ಬಸ್ಸಿಗೆ ಹಾಕ್ತೀನಿ.”

ಖಾಲಿ ಡಬ್ಬ ಬಿಟ್ಟು ಬಂದಿದ್ದೇನೆ. ಇದನ್ನು ಬರೆಯುತ್ತಿರುವುದು ಮಂಗಳವಾರ.