ಕಾಲವೋ ಕ್ರಿಯಾರ್ಥವೋ: ನಾರ್ವೇಜಿಯನ್ 'ಕೊಂದಿಶುನಾಲಿಸ್' ಪರಿಕಲ್ಪನೆಯ ವಿಮರ್ಶೆ

ನಾರ್ವೇಜಿಯನ್ ಭಾಷೆಯ ಸಾಂಪ್ರದಾಯಿಕ ವ್ಯಾಕರಣಗಳು 'ಕೊಂದಿಶುನಾಲಿಸ್' ಎಂಬ ಹೆಸರಿನಲ್ಲಿ ಎರಡು ಕ್ರಿಯಾರೂಪಗಳನ್ನು ಗುರುತಿಸುತ್ತವೆ. 'ಸ್ಕುಲ್ಲೆ' ಅಥವಾ 'ವಿಲ್ಲೆ' ಎಂಬ ಸಹಾಯಕ ಕ್ರಿಯಾಪದದೊಡನೆ ಭಾವರೂಪ ಬಂದರೆ ಮೊದಲನೆಯದು. ಅವುಗಳೊಡನೆ 'ಹಾ' ಮತ್ತು ಭೂತಕೃದಂತ ಬಂದರೆ ಎರಡನೆಯದು. ಬೋಧನೆಗೆ ಈ ಕೋಷ್ಟಕ ಅನುಕೂಲವಾದುದು. ಆದರೆ ಅದನ್ನು ಭಾಷಾವರ್ಣನೆಯೆಂದು ಒಪ್ಪಿದೊಡನೆ, ಪಕ್ಷಾರ್ಥಕ್ಕೆ ಮೀಸಲಾದ ಕ್ರಿಯಾರ್ಥವೊಂದು ಆ ಭಾಷೆಯಲ್ಲಿದೆ ಎಂಬ ನಿಲುವನ್ನೂ ಒಪ್ಪಿದಂತಾಗುತ್ತದೆ. ಈ ನಿಲುವಿಗೆ ಆಧಾರ ಸಾಲದು ಎಂಬುದು ಪ್ರಸ್ತುತ ಟಿಪ್ಪಣಿಯ ವಾದ. ಉದಾಹರಣೆಗಳು ಬೂಕ್‌ಮೋಲ್ ರೂಪದವು. ಅವನ್ನು ಉಚ್ಚಾರಣೆಗೆ ಹತ್ತಿರವಾಗಿ ಲಿಪ್ಯಂತರಿಸಲಾಗಿದೆ.

(1) ಹಾನ್ ಸಾ ಅತ್ ಹಾನ್ ವಿಲ್ಲೆ ಕೊಮ್ಮೆ.
'ತಾನು ಬರುವೆನೆಂದು ಅವನು ಹೇಳಿದ.'

(2) ಹದ್ದೆ ಯೈ ವಿಸ್ತ್ ದೇ, ಹದ್ದೆ ಯೈ ಕೊಮ್ಮೆತ್.
'ಅದು ನನಗೆ ಗೊತ್ತಿದ್ದಿದ್ದರೆ ನಾನು ಬರುತ್ತಿದ್ದೆ.'

(1)ರಲ್ಲಿ ಕೋಷ್ಟಕದ ಮೊದಲ ರೂಪವಿದೆ, ಷರತ್ತಿಲ್ಲ. ಭೂತಕಾಲದ ನೆಲೆಯಿಂದ ಕಂಡ ಭವಿಷ್ಯ ಮಾತ್ರ ಇದೆ. (2)ರಲ್ಲಿ ಷರತ್ತಿದೆ, ಕೋಷ್ಟಕದ ಯಾವ ರೂಪವೂ ಇಲ್ಲ. ಪಕ್ಷವಾಕ್ಯ, ಫಲವಾಕ್ಯ ಎರಡರಲ್ಲೂ ಇರುವುದು 'ಹದ್ದೆ' ಸಹಿತವಾದ ಪೂರ್ಣಭೂತ. 'ವಿಸ್' ಎಂಬ ಪಕ್ಷಸೂಚಕವೂ ಇಲ್ಲದೆ, ಪ್ರಶ್ನಾವಾಕ್ಯದಲ್ಲಿರುವಂತೆ ಕ್ರಿಯಾಪದ ಮೊದಲು ಬಂದು ಆ ಕೆಲಸವನ್ನು ನಿರ್ವಹಿಸಿದೆ. ಅಂದರೆ 'ಕೊಂದಿಶುನಾಲಿಸ್' ಎಂಬ ಹೆಸರು ಅತಿವ್ಯಾಪ್ತಿ, ಅವ್ಯಾಪ್ತಿ ಎರಡೂ ದೋಷಗಳಿಗೆ ಒಳಗಾಗಿದೆ. ಫಾರ್ಲುಂಡ್, ಲೀ ಮತ್ತು ವನ್ನೆಬೂ ಅವರ 1997ರ ಆಕರ ವ್ಯಾಕರಣವು ಈ ರೂಪಗಳನ್ನು ಕಾಲವ್ಯವಸ್ಥೆಯೊಳಗೆ ಇರಿಸಿ 'ಭೂತ-ಭವಿಷ್ಯತ್' ಎಂದು ಪರಿಗಣಿಸುತ್ತದೆ. ಇದರಿಂದ (1) ಸರಳವಾಗುತ್ತದೆ. (2) ಹಾಗೆಯೇ ಉಳಿಯುತ್ತದೆ.

ಪ್ರಾಚೀನ ನಾರ್ಸ್‌ನಲ್ಲಿದ್ದ ಸಂಭಾವನಾರ್ಥಕ ಪ್ರತ್ಯಯಗಳು ಇಂದು 'ಲೇವೆ ಕೊಙ್ಙೆನ್' ('ಅರಸನು ಬಾಳಲಿ') ಎಂಬಂಥ ಸಿದ್ಧೋಕ್ತಿಗಳಲ್ಲಿ ಮಾತ್ರ ಉಳಿದಿವೆ. ಇಂದು ಅವಾಸ್ತವವನ್ನು ಸೂಚಿಸುವ ಹೊರೆ ಭೂತಕಾಲದ ಮೇಲಿದೆ. ಭೂತಕಾಲದ ಇಂಥ ಕಲ್ಪನಾಪರ ಬಳಕೆಯನ್ನು ಯೆಸ್ಪರ್ಸನ್ 1924ರಲ್ಲೇ ಚರ್ಚಿಸಿದ್ದರು. ಭೂತಪ್ರತ್ಯಯದ ತಿರುಳು 'ಹೊರತುಪಡಿಸುವುದು' ಎಂದು ಇಯಾಟ್ರಿಡು 2000ದಲ್ಲಿ ವಾದಿಸಿದರು: ಅದು ಒಮ್ಮೆ ಮಾತಿನ ಕ್ಷಣವನ್ನು, ಇನ್ನೊಮ್ಮೆ ವಾಸ್ತವ ಜಗತ್ತನ್ನು ಹೊರತುಪಡಿಸುತ್ತದೆ. ಈ ದೃಷ್ಟಿಯಿಂದ ಮುಂದಿನ ವಾಕ್ಯ ನಿರ್ಣಾಯಕವಾದುದು.

(3) ದೇ ಹದ್ದೆ ವ್ಯಾರ್ತ್ ಫೀಂತ್ ಒಮ್ ದೂ ಕೊಮ್ ಇ ಮೋರ್ನ್.

ಇಲ್ಲಿ 'ಇ ಮೋರ್ನ್' ಎಂದರೆ 'ನಾಳೆ'. 'ಕೊಮ್' ಭೂತಕಾಲ, 'ಹದ್ದೆ ವ್ಯಾರ್ತ್' ಪೂರ್ಣಭೂತ. ಆದರೂ ಇದು ನಾಳೆಯ ಕುರಿತ ಸೌಜನ್ಯದ ಆಹ್ವಾನ. ರೂಪಕ್ಕೆ ರೂಪವಿಟ್ಟು 'ನಾಳೆ ನೀನು ಬಂದಿದ್ದರೆ ಚೆನ್ನಾಗಿರುತ್ತಿತ್ತು' ಎಂದು ಕನ್ನಡಿಸಿದರೆ ಆಹ್ವಾನ ಅಳಿದು, ಬರುವುದಿಲ್ಲವೆಂದು ಗೊತ್ತಾದ ಮೇಲಿನ ವಿಷಾದ ಉಳಿಯುತ್ತದೆ. 'ನಾಳೆ ನೀನು ಬಂದರೆ ಚೆನ್ನಾಗಿರುತ್ತದೆ' ಎಂಬುದೇ ತಕ್ಕ ಅನುವಾದ.

ಈ ವ್ಯತ್ಯಾಸಕ್ಕೆ ಕಾರಣ ಕನ್ನಡದ ರಚನೆಯಲ್ಲಿದೆ. 'ಬಂದರೆ' ಎಂಬ ಪಕ್ಷಾರ್ಥಕ ರೂಪ ಹುಟ್ಟುವುದೇ 'ಬಂದ್-' ಎಂಬ ಭೂತಾಂಗದಿಂದ. ಈ ಭೂತಾಂಗ ಕಡ್ಡಾಯವಾದುದರಿಂದ ಅದು ಅವಾಸ್ತವವನ್ನು ಬೇರೆಯಾಗಿ ಸೂಚಿಸಲಾರದು. ಸೂಚಿಸಲು 'ಬಂದಿದ್ದರೆ' ಎಂಬ ಇನ್ನೊಂದು ಪದರ ಬೇಕು. ನಾರ್ವೇಜಿಯನ್ನಿನಲ್ಲಿ 'ಕೊಮ್ಮೆರ್' ಎಂಬ ವರ್ತಮಾನರೂಪದ ಷರತ್ತೂ ಸಾಧ್ಯವಿರುವುದರಿಂದ, 'ಕೊಮ್' ಎಂಬ ಒಂದೇ ಪದರ ದೂರವನ್ನು ಸೂಚಿಸಬಲ್ಲದು. ಫಲವಾಕ್ಯದಲ್ಲಿ ಕನ್ನಡವು 'ಬರುತ್ತಿದ್ದೆ' ಎಂಬ ಅಪೂರ್ಣಭೂತವನ್ನು ಬಳಸುತ್ತದೆ. ಅಂಥ ಪ್ರತ್ಯಯವಿಲ್ಲದ ನಾರ್ವೇಜಿಯನ್ 'ವಿಲ್ಲೆ' ಅಥವಾ 'ಹದ್ದೆ'ಯನ್ನು ಆಶ್ರಯಿಸುತ್ತದೆ. ಹೀಗೆ ಅರ್ಥವನ್ನು ನಿರ್ಧರಿಸುವುದು ಆಯಾ ವ್ಯವಸ್ಥೆಯಲ್ಲಿರುವ ವೈದೃಶ್ಯ. ಭೂತಪ್ರತ್ಯಯಗಳ ಎಣಿಕೆಯಷ್ಟೇ ಸಾಲದು.

ಕೋಷ್ಟಕದ ಪರವಾಗಿ ಒಂದು ಗಟ್ಟಿಯಾದ ವಾದವುಂಟು. 'ವಿಲ್ಲೆ ಹಾ ಕೊಮ್ಮೆತ್' ಎಂಬಲ್ಲಿ 'ಹಾ' ಲೋಪವಾಗಿ 'ವಿಲ್ಲೆ ಕೊಮ್ಮೆತ್' ಎಂದಾಗಬಹುದು. ವರ್ತಮಾನದ 'ವಿಲ್' ಇದ್ದಾಗ ಶಿಷ್ಟರೂಪದಲ್ಲಿ ಈ ಲೋಪ ಸಲ್ಲದು. ಇಂಥ ವಿಶಿಷ್ಟ ವರ್ತನೆ ಇರುವಾಗ ಪ್ರತ್ಯೇಕ ರೂಪವೆಂದು ಏಕೆ ಕರೆಯಬಾರದು? ಆದರೆ ಇದೇ ಲೋಪ 'ಕುನ್ನೆ ಕೊಮ್ಮೆತ್' ('ಬರಬಹುದಿತ್ತು'), 'ಬುರ್ದೆ ಕೊಮ್ಮೆತ್' ('ಬರಬೇಕಿತ್ತು') ಎಂಬಲ್ಲಿಯೂ ಉಂಟು, ಅವು ಕೋಷ್ಟಕದಲ್ಲಿಲ್ಲ. ಆದುದರಿಂದ ಈ ಲೋಪಕ್ಕೆ ಬೇಕಾದುದು ಭೂತರೂಪದ ಸಹಾಯಕ ಕ್ರಿಯಾಪದವೇ ಹೊರತು 'ಕೊಂದಿಶುನಾಲಿಸ್' ಅಲ್ಲ. ಕೋಷ್ಟಕದ ಪರವಾಗಿ ತಂದ ಸಾಕ್ಷ್ಯ ಅದರ ಗಡಿಯನ್ನೇ ಮೀರುತ್ತದೆ.

ಇದು ಕೇವಲ ಹೆಸರಿನ ತಕರಾರಲ್ಲ. ಪದಶಃ ವಿಶ್ಲೇಷಣೆಯಲ್ಲಿ 'ವಿಲ್ಲೆ'ಗೆ 'ಪಕ್ಷಾರ್ಥ' ಎಂಬ ಚೀಟಿ ಅಂಟಿಸಿದರೆ, ಆ ದತ್ತಾಂಶವನ್ನು ನೆಚ್ಚುವ ಭಾಷಾವರ್ಗೀಕರಣದಲ್ಲಿ ನಾರ್ವೇಜಿಯನ್ ಕ್ರಿಯಾರ್ಥಸಹಿತ ಭಾಷೆಗಳ ಸಾಲಿಗೆ ಸೇರುತ್ತದೆ. ಕಾಲ, ಸ್ಥಿತಿ, ಕ್ರಿಯಾರ್ಥಗಳಲ್ಲಿ ಯಾವುದಕ್ಕೆ ಪ್ರಾಧಾನ್ಯವಿದೆ ಎಂಬ ಆಧಾರದ ಮೇಲೆ ಭಾಷೆಗಳನ್ನು ವಿಂಗಡಿಸಿದ ಡಿ. ಎನ್. ಶಂಕರ ಭಟ್ಟರ 1999ರ ಗ್ರಂಥವನ್ನು ಓದಿದವರಿಗೆ ಇದರ ಪರಿಣಾಮ ಸ್ಪಷ್ಟ: ಕಾಲದ ಮೂಲಕ ಕ್ರಿಯಾರ್ಥವನ್ನು ಹೇಳುವ ಭಾಷೆಯೊಂದು ತಪ್ಪು ವರ್ಗಕ್ಕೆ ಹೋಗುತ್ತದೆ. ಆದುದರಿಂದ 'ವಿಲ್ಲೆ', 'ಹದ್ದೆ'ಗಳನ್ನು ಭೂತರೂಪಗಳೆಂದೇ ಗುರುತಿಸಿ, ಪಕ್ಷಾರ್ಥವನ್ನು ಇಡೀ ವಾಕ್ಯರಚನೆಯ ಮಟ್ಟದಲ್ಲಿ ದಾಖಲಿಸುವುದು ಉಚಿತ. ಕನ್ನಡದ '-ಅರೆ' ರೂಪಗಳೊಡನೆ ತೌಲನಿಕ ಅಧ್ಯಯನ ಕೈಗೊಳ್ಳುವವರು (3)ರಂಥ ಭವಿಷ್ಯಸೂಚಕ ವಾಕ್ಯಗಳಿಂದಲೇ ಆರಂಭಿಸುವುದು ಒಳ್ಳೆಯದು. ಎರಡು ವ್ಯವಸ್ಥೆಗಳು ಕವಲೊಡೆಯುವುದು ಅಲ್ಲಿಯೇ.