ಹೊಸ್ತಿಲ ಪಟ್ಟಿಯ ಕೆಳಗಿನ ಹಸಿರು

ಸ್ಯಾನ್ ಹೋಸೆಯಲ್ಲಿರುವ ನನ್ನ ಗೆಳೆಯ 1968ರ ಫೋರ್ಡ್ ಮಸ್ಟಾಂಗ್ ಫಾಸ್ಟ್‌ಬ್ಯಾಕ್ ಕೊಂಡಾಗ ಅದಕ್ಕೆ ಮೈತುಂಬ ಕೆಂಪು ಬಣ್ಣ. ಚಾಲಕನ ಬಾಗಿಲಂಚಿಗೆ ರಿವೆಟ್ ಹೊಡೆದಿದ್ದ ತಗಡು ಬೇರೆಯೇ ಹೇಳುತ್ತಿತ್ತು. ಬಣ್ಣದ ಜಾಗದಲ್ಲಿ 'ಆರ್' ಅಕ್ಷರ, ಅಂದರೆ ಹೈಲ್ಯಾಂಡ್ ಗ್ರೀನ್. ಹೊಸ್ತಿಲ ಅಲ್ಯೂಮಿನಿಯಂ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿ ಎತ್ತಿದೆವು. ಅರ್ಧ ಶತಮಾನದ ಧೂಳು ಒರೆಸಿದರೆ, ಕೆಳಗೆ ಬೆರಳಗಲದ ಹಸಿರು. 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರುಗಳಲ್ಲಿ ಹಾರಿಸಿದ ಕಾರಿನ ಹಸಿರು ಅದು.

ಗೆಳೆಯನ ಈ ಕಾರು ಹುಟ್ಟಿದ್ದು ಪಕ್ಕದ ಮಿಲ್ಪಿಟಾಸ್‌ನಲ್ಲಿದ್ದ ಫೋರ್ಡ್ ಕಾರ್ಖಾನೆಯಲ್ಲಿ. 1983ರಲ್ಲಿ ಮುಚ್ಚಿದ ಆ ಕಟ್ಟಡವೇ ಈಗಿನ ಗ್ರೇಟ್ ಮಾಲ್. ಅಲ್ಲಿ ವಾರಾಂತ್ಯದ ಖರೀದಿಗೆ ಹೋಗುವ ನಮ್ಮ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಇಂಥ ಕಾರನ್ನು ಸರಿಪಡಿಸುವಾಗ ಬಣ್ಣಕ್ಕೆ ಮುಂಚೆ ಸ್ಟಿಯರಿಂಗ್. ಇದು ಜಿಟಿ 390 ಮಾದರಿ. ಇದರ ಎಂಜಿನ್ 6.4 ಲೀಟರಿನದು, ಎರಕದ ಕಬ್ಬಿಣದ್ದು. ಆ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಫೋರ್ಡ್ ಕೊಟ್ಟ ಪವರ್ ಸ್ಟಿಯರಿಂಗ್‌ನಲ್ಲಿ ಹೈಡ್ರಾಲಿಕ್ ಸಿಲಿಂಡರ್ ಸ್ಟಿಯರಿಂಗ್ ಗೇರ್ ಬಾಕ್ಸಿನೊಳಗಿಲ್ಲ. ಹೊರಗೆ ನೇತಾಡುತ್ತ ಚಕ್ರ ತಿರುಗಿಸುವ ಸರಳುಗಳನ್ನು ತಳ್ಳುತ್ತದೆ. ಅದರ ಕಂಟ್ರೋಲ್ ವಾಲ್ವ್ ಎಣ್ಣೆ ಸೋರುವುದಕ್ಕೇ ಹೆಸರುವಾಸಿ. ಕೈಗೆ ರಸ್ತೆಯ ಸುಳಿವೂ ಸಿಗುವುದಿಲ್ಲ.

ಹಾಗೆಂದು ನೇರ ರ‍್ಯಾಕ್ ಅಂಡ್ ಪಿನಿಯನ್ ಕಿಟ್ ಕೊಳ್ಳಲು ಓಡಬೇಡಿ. ಎಷ್ಟೋ ಕಿಟ್‌ಗಳು ಕಾರು ತಿರುಗಲು ಬೇಕಾದ ಜಾಗವನ್ನು ಹೆಚ್ಚಿಸುತ್ತವೆ. ಮೊದಲು ಆ ಸರಳುಗಳ ಸವೆದ ಟೈ ರಾಡ್, ಐಡ್ಲರ್ ಆರ್ಮ್ ಬದಲಿಸಿ. ಆಮೇಲೆ ಕಾಸ್ಟರ್. ಸೈಕಲ್ಲಿನ ಫೋರ್ಕಿನ ಮೇಲ್ತುದಿ ಸವಾರನ ಕಡೆಗೆ ವಾಲಿರುತ್ತದಲ್ಲ, ಅದೇ ಇದು. ತಿರುವು ಮುಗಿದ ಮೇಲೆ ಚಕ್ರವನ್ನು ತಾನಾಗಿ ನೇರಕ್ಕೆ ತರುತ್ತದೆ. 1968ರ ಲೆಕ್ಕ ಆಗಿನ ಬಯಾಸ್ ಟೈರುಗಳದು. ಇಂದಿನ ರೇಡಿಯಲ್ ಟೈರಿಗೆ ಎರಡು-ಮೂರು ಡಿಗ್ರಿ ಕೊಟ್ಟರೆ ಹೆದ್ದಾರಿಯಲ್ಲಿ ಕಾರು ಗೆರೆ ಎಳೆದಂತೆ ಹೋಗುತ್ತದೆ. ಇದರಿಂದ ಸ್ಟಿಯರಿಂಗ್ ಇನ್ನಷ್ಟು ಭಾರವಾಗುವುದು ನಿಜ. ಅದಕ್ಕೇ ಹೈಡ್ರಾಲಿಕ್ ವ್ಯವಸ್ಥೆ ಒಳಗೇ ಇರುವ ಹೊಸ ಸ್ಟಿಯರಿಂಗ್ ಗೇರ್ ಬಾಕ್ಸ್ ನನ್ನ ಆಯ್ಕೆ. ಹಳೆಯದನ್ನು ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಎತ್ತಿಡಿ.

ಇನ್ನೊಂದು ಕೆಲಸ ಸಣ್ಣದು, ಫಲ ದೊಡ್ಡದು. ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಕಂಡುಕೊಂಡ ಉಪಾಯವನ್ನೇ ಕಾರು ತಯಾರಕ ಕ್ಯಾರಲ್ ಶೆಲ್ಬಿ 1965ರ ಜಿಟಿ350ಯಲ್ಲಿ ಬಳಸಿದ. ಮುಂಚಕ್ರವನ್ನು ಕಾರಿನ ಮೈಗೆ ಜೋಡಿಸುವ ಮೇಲಿನ ಕಂಟ್ರೋಲ್ ಆರ್ಮ್ ಅನ್ನು ಒಂದು ಇಂಚು ಕೆಳಗಿಳಿಸುವುದು, ಅಷ್ಟೆ. ಪ್ರತಿ ಬದಿಗೆ ಎರಡು ಹೊಸ ತೂತು ಸಾಕು, ತಿರುವಿನಲ್ಲಿ ಟೈರು ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ.

ಈ ಎಲ್ಲವನ್ನೂ ನಾನು ಮನಸಾರೆ ಒಪ್ಪುತ್ತೇನೆ. ಬಿಚ್ಚಿದ್ದನ್ನು ನಾಳೆ ಮತ್ತೆ ಜೋಡಿಸಬಹುದು. ಬಣ್ಣದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ತಗಡಿನಲ್ಲಿ ಇರುವುದೇ ಕಾರಿನ ಮೇಲೂ ಇರಬೇಕು.

ಹೈಲ್ಯಾಂಡ್ ಗ್ರೀನ್ ನೆರಳಿನಲ್ಲಿ ಕಪ್ಪಿಗೆ ಹತ್ತಿರ, ಬಿಸಿಲು ಬಿದ್ದರೆ ಹಸಿರು ಮೇಲೇಳುತ್ತದೆ. ಅದು ಮೆಟಾಲಿಕ್ ಬಣ್ಣ, ಒಳಗಿನ ಲೋಹದ ಕಣಗಳು ಸಣ್ಣವಿರಬೇಕು. ದಪ್ಪ ಕಣ ಹಾಕಿದರೆ ಹೊಳಪು ಬರುತ್ತದೆ, 1968 ಮಾಯವಾಗುತ್ತದೆ. ಸ್ಪ್ರೇ ಹಿಡಿಯುವ ಕೈಯೂ ಬಣ್ಣ ಬದಲಿಸಬಲ್ಲದು. ಹಸಿಯಾಗಿ ಬಳಿದರೆ ಕಣ ಮುಳುಗಿ ಗಾಢವಾಗುತ್ತದೆ, ಒಣಕಲಾಗಿ ಬಳಿದರೆ ತಿಳಿಯಾಗುತ್ತದೆ. ಆದ್ದರಿಂದ ಬಾನೆಟ್, ಬಾಗಿಲು, ಫೆಂಡರ್ ಎಲ್ಲಕ್ಕೂ ಒಂದೇ ದಿನ, ಒಂದೇ ಕೈಯಲ್ಲಿ ಬಳಿಸಿ. ಮೊದಲು ಒಂದು ತಗಡಿಗೆ ಬಳಿದು ಹೊಸ್ತಿಲ ಹಸಿರಿನ ಪಕ್ಕ ಹಿಡಿದು ಬಿಸಿಲಲ್ಲಿ ನೋಡಿ. ನಾವು ಮೂರು ಸಲ ಬೆರೆಸಿದ ಮೇಲೆ ಎರಡೂ ಒಂದಾದವು.

ಮೆಕ್ವೀನ್ ಓಡಿಸಿದ ಮೂಲ ಕಾರನ್ನು ಅದರ ಮಾಲೀಕರು ರಿಪೇಂಟ್ ಮಾಡಿಸಲೇ ಇಲ್ಲ. ಮಾಸಿದ ಹಸಿರು, ತುಕ್ಕು, ತಳದಲ್ಲಿ ಕ್ಯಾಮರಾ ಕೂರಿಸಿದ್ದ ಬ್ರಾಕೆಟ್, ಎಲ್ಲ ಇದ್ದ ಹಾಗೇ 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಅದು ಸುಮಾರು 37 ಲಕ್ಷ ಡಾಲರಿಗೆ ಮಾರಾಟವಾಯಿತು.